ಅತ್ತೆಯವರು ಆನ್‌ಲೈನ್‌ನಲ್ಲಿದ್ದಾರೆ

ರಾಯಚೂರಿನಲ್ಲಿ ನಾನೊಬ್ಬ ಲೇಡೀಸ್ ಟೈಲರ್. ನನ್ನ ಹೊಲಿಗೆಗೆ ಹೆಸರಿಡುವವರು ಇನ್ನೂ ಹುಟ್ಟಿಲ್ಲ. ಹೊಲಿದು ಕೊಡುವ ದಿನಕ್ಕೆ ಮಾತ್ರ ಎಲ್ಲರೂ ಹೆಸರಿಡುತ್ತಾರೆ. ಎದುರು ಸಾಲಿನ ಹೊಸ ಅಂಗಡಿಯವನು ರೀಲ್ಸ್ ಮಾಡಿ ಮಾಡಿ ನನ್ನ ಗಿರಾಕಿಗಳನ್ನು ಎಳೆದುಕೊಳ್ಳತೊಡಗಿದಾಗ, ನಾನೂ ಕಾಲಕ್ಕೆ ತಕ್ಕಂತೆ ನಡೆಯಲು ತೀರ್ಮಾನಿಸಿದೆ. ಒಂದು ವಾಟ್ಸ್ಯಾಪ್ ಗ್ರೂಪ್!

ಬಳಗ ದೊಡ್ಡದಾಗಿ ಕಾಣಲಿ ಎಂದು ಫೋನಿನಲ್ಲಿದ್ದ ಹೆಣ್ಣುಮಕ್ಕಳ ನಂಬರುಗಳನ್ನೆಲ್ಲ ಸೇರಿಸಿಬಿಟ್ಟೆ. ದೇವದುರ್ಗದವರು, ಮಾನ್ವಿಯವರು, ಮಟಮಾರಿಯವರು, ಯಾರನ್ನೂ ಬಿಡಲಿಲ್ಲ. ಆಮೇಲೆ ಭಾಷಣದ ಧಾಟಿಯಲ್ಲಿ ಬರೆದೆ: "ಮಾನ್ಯ ಗಿರಾಕಿ ಬಂಧುಗಳೇ, ಇಂದಿನಿಂದ ನಮ್ಮ ನಿಮ್ಮ ನಡುವೆ ಯಾವ ಮುಚ್ಚುಮರೆಯೂ ಇರುವುದಿಲ್ಲ."

ಇರಲೂ ಇಲ್ಲ.

ಮೊದಲ ಉತ್ತರ ದೇವದುರ್ಗದ ನೀಲಮ್ಮನವರದು. ಅವರ ಮಗಳ ಮದುವೆ ಬರುವ ಭಾನುವಾರ. ಮದುಮಗಳದೂ ಸೇರಿ ಇಡೀ ಮನೆಯ ಬ್ಲೌಸುಗಳು ನನ್ನ ಕಪಾಟಿನಲ್ಲಿ ಕತ್ತರಿಯನ್ನೇ ಕಾಣದೆ ಕೂತಿದ್ದವು. "ಅಣ್ಣಾರ, ಹೋದ ವಾರ ನಿಮ್ಮ ಅತ್ತಿ ತೀರ್ಕೊಂಡ್ರು ಅಂದ್ರಿ. ಸೂತಕದ ಕೈಲೆ ಮದುಮಗಳ ಬ್ಲೌಸ್ ಹೊಲಿಯೋದು ಬ್ಯಾಡಂತಾರ ನಮ್ಮ ಮನ್ಯಾಗ. ಬಟ್ಟಿ ವಾಪಸ್ ಕೊಡ್ರಿ. ಎದುರಿನ ಅಂಗಡಿಗೆ ಕೊಡ್ತೀವಿ."

ಬಟ್ಟೆ ತಡವಾದಾಗ ಗಿರಾಕಿಯನ್ನು ಸುಮ್ಮನಾಗಿಸಲು ಮನೆಯಲ್ಲೊಂದು ಸಾವಿನಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ. ಆದರೆ ಮದುವೆ ಮನೆಯವರಿಗೆ ಅದನ್ನು ಹೇಳಬಾರದು ಎಂಬಷ್ಟು ಬುದ್ಧಿ ನನಗಿರಲಿಲ್ಲ. ಅಷ್ಟರಲ್ಲಿ ಮಾನ್ವಿಯ ಸಾವಿತ್ರಿ ಟೀಚರ್ ನನ್ನ ಸಹಾಯಕ್ಕೆ ಬಂದರು.

"ಹೋದ ವಾರ ಅಲ್ರೀ, ಅವರ ಅತ್ತಿ ಯುಗಾದಿಗೇ ತೀರ್ಕೊಂಡಾರ. ನನಗ ಇವರ ಹೇಳ್ಯಾರ. ಸೂತಕ ಮುಗಿದು ಯಾವ ಕಾಲಾತು."

"ನಮಗ ದೀಪಾವಳಿಗೆ ಅಂದಿದ್ರು," ಎಂದು ಮಟಮಾರಿಯಿಂದ ಇನ್ನೊಬ್ಬರು ಬರೆದರು.

ಸತ್ತದ್ದು ಯಾವಾಗ ಎಂಬ ಬಗ್ಗೆ ಗ್ರೂಪಿನಲ್ಲಿ ಗಂಭೀರ ಚರ್ಚೆ ಶುರುವಾಯಿತು. ನಾನು ಎಲ್ಲರಿಗೂ ಒಪ್ಪಿಗೆಯಾಗುವಂತೆ ತೀರ್ಪು ಕೊಟ್ಟೆ: "ಹೋದ ವಾರ ತೀರಿಕೊಂಡವರು ಬೇರೆ ಅತ್ತೆ. ಅವರ ಸೂತಕ ನನಗೆ ಬರುವುದಿಲ್ಲ."

ಒಳಗೆ ಹುಕ್ಕು ಹಚ್ಚುತ್ತಿದ್ದ ನನ್ನ ಹೆಂಡತಿ ಗಂಗಾ ತನ್ನ ಫೋನು ಹಿಡಿದು ಹೊರಬಂದಳು. ಅವಳನ್ನೂ ಸೇರಿಸಿದ್ದೆ.

"ಬ್ಯಾರೆ ಅತ್ತಿ ಅದಾಳ ಅಂದ್ರ ಬ್ಯಾರೆ ಹೆಂಡ್ತೀನೂ ಅದಾಳ ಅಂದಂಗಾತು. ಯಾರ್ರೀ ಆಕಿ?"

"ಯಾರೂ ಇಲ್ಲ ಗಂಗಾ, ದೇವರಾಣೆ. ಇರಾಕಿ ಒಬ್ಬಾಕಿ ಅತ್ತಿ. ಆಕೀನ ಸಾಯಿಸೀನಿ."

"ನಮ್ಮವ್ವನ್ನ? ನಿಮ್ಮವ್ವ ಇರಲಿಲ್ಲೇನು ಸಾಯಿಸಾಕ?"

"ಹೆತ್ತವ್ವನ್ನ ಹೆಂಗ ಸಾಯಿಸಲಿ? ಪಾಪ ಬರ್ತದ."

ಅವಳು ಕತ್ತರಿಯ ಕಡೆ ನೋಡಿದಳು. ಅದೇ ಹೊತ್ತಿಗೆ ಗ್ರೂಪಿನಲ್ಲಿ ಒಂದು ದನಿ ಮೊಳಗಿತು.

"ಎಲ್ಲಾರಿಗೂ ಶರಣ್ರಿ. ನಾ ಶರಣಮ್ಮ, ಸತ್ತಾಕಿ. ಚೀಕಲಪರ್ವಿಯಾಗ ರೊಟ್ಟಿ ಬಡ್ಯಾಕತ್ತೀನಿ. ನಂದೂ ಒಂದು ಬ್ಲೌಸ್ ವರ್ಷದಿಂದ ಅಳಿಯಂದ್ರ ಹತ್ರ ಅದ. ಕೇಳಿದಾಗೊಮ್ಮೆ ಬೇಕಾದವರು ಯಾರೋ ತೀರ್ಕೊಂಡಾರ ಅಂತಿದ್ರು. ನಾನ ಅಂತ ಇವತ್ತ ಗೊತ್ತಾತು."

ನಂಬರುಗಳನ್ನೆಲ್ಲ ಸೇರಿಸುವಾಗ ಅತ್ತೆಯ ನಂಬರೂ ಅದರಲ್ಲಿ ಹೋಗಿತ್ತು!

ಇಷ್ಟಾದರೂ ನೀಲಮ್ಮನವರು ನಂಬಲಿಲ್ಲ. ದನಿ ಯಾರದಾದರೂ ಇರಬಹುದು, ಕಣ್ಣಾರೆ ನೋಡಿಯೇ ಬಟ್ಟೆಯ ಮಾತು ಎಂದು ಪಟ್ಟು ಹಿಡಿದರು. ಮರುದಿನ ಅವರು ದೇವದುರ್ಗದ ಬಸ್ಸಿಗೆ ಬಂದಿಳಿದರು, ಚೀಕಲಪರ್ವಿಯ ಅತ್ತೆ ಮಾನ್ವಿಯ ಬಸ್ಸಿಗೆ. ನನ್ನ ಅಂಗಡಿಯಲ್ಲಿ ನೀಲಮ್ಮನವರು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು, ಕೈ ಹಿಡಿದು ನೋಡಿದರು, ಆಮೇಲೆ ಗ್ರೂಪಿಗೆ ವರದಿ ಕಳಿಸಿದರು: "ಬೆಚ್ಚಗ ಅದಾರ."

ಎಲ್ಲರೂ ಕೈ ಮುಗಿಯುವ ಗುರುತು ಹಾಕಿದರು. ನಾನೂ ಹಾಕಿದೆ. ನನ್ನದನ್ನು ಯಾರೂ ಗಮನಿಸಲಿಲ್ಲ.

ಅತ್ತೆ ಸ್ಟೂಲ್ ಎಳೆದು ಮಷೀನಿನ ಎದುರಿಗೇ ಕೂತರು. "ಅಳಿಯಂದ್ರ, ನಾ ಸತ್ತಿದ್ದು ಸಾಕು. ಈ ತಾಯಿ ಮಗಳ ಬ್ಲೌಸ್ ತಗೀರಿ."

ತೆಗೆದೆ. ನಾನು ಕತ್ತರಿಸಿದ್ದು, ನೀರು ಕುಡಿದದ್ದು, ಎದ್ದು ಬಾಗಿಲ ಕಡೆ ನೋಡಿದ್ದು ಎಲ್ಲವೂ ಅತ್ತೆಯ ದನಿಯಲ್ಲಿ ಗ್ರೂಪಿಗೆ ಪ್ರಸಾರವಾಯಿತು. ಅಷ್ಟು ಜನರ ಕಾವಲಿನಲ್ಲಿ ನಾನು ಯಾವತ್ತೂ ಹೊಲಿದಿರಲಿಲ್ಲ. ಮದುವೆಗೆ ಮುಂಚೆಯೇ ಎಲ್ಲ ಬ್ಲೌಸುಗಳೂ ದೇವದುರ್ಗ ಸೇರಿದವು. ಸೀರೆಯುಟ್ಟ ಮದುಮಗಳ ಫೋಟೋ ಬಂದಾಗ ನನ್ನ ಕಣ್ಣು ನಿಜಕ್ಕೂ ತುಂಬಿ ಬಂತು. ಅಷ್ಟು ಚಂದ ಕೂತಿತ್ತು ನನ್ನ ಬ್ಲೌಸ್.

ಆ ಫೋಟೋ ನೋಡಿ ಗಿರಾಕಿಗಳು ಮುಗಿಬಿದ್ದರು. ಅವರ ಒತ್ತಾಯಕ್ಕೆ ಗ್ರೂಪಿನ ಅಡ್ಮಿನ್ ಪಟ್ಟವನ್ನು ಅತ್ತೆಗೆ ಬಿಟ್ಟುಕೊಟ್ಟೆ. ಸುಳ್ಳು ಹೇಳುವವರು ಗ್ರೂಪಿನಲ್ಲಿ ಇರಬಾರದೆಂದು ಸಭೆ ಒಮ್ಮತದಿಂದ ತೀರ್ಮಾನಿಸಿ, ನನ್ನ ಕೈಯಿಂದಲೇ ನನ್ನನ್ನು ಹೊರಹಾಕಿಸಿದೆ. ನನ್ನ ಅಂಗಡಿಯ ಸುದ್ದಿ ನನಗೆ ಗಂಗಾ ಹೇಳಿದರೇ ಗೊತ್ತಾಗುವುದು.

ಮೊನ್ನೆ ನನಗೆ ಖರೇನೇ ಜ್ವರ ಬಂತು. ಕಂಬಳಿ ಹೊದ್ದು ಮಲಗಿ, ಗ್ರೂಪಿಗೆ ತಿಳಿಸು ಎಂದು ಗಂಗಾಗೆ ಗೋಗರೆದೆ. ಅವಳು ತಿಳಿಸಿದಳು. ತುಸು ಹೊತ್ತಿಗೆ ಸಾವಿತ್ರಿ ಟೀಚರ್ ಬರೆದದ್ದನ್ನು ಓದಿ ಹೇಳಿದಳು: "ಹೌದ್ರಾ? ಮಣ್ಣು ಮಾಡಾಕ ಎಷ್ಟು ಗಂಟೆಗೆ ಬರಬೇಕ್ರಿ?"

"ನಿಮ್ಮವ್ವ ಏನಂದ್ರು?" ಎಂದು ಕಂಬಳಿಯೊಳಗಿನಿಂದಲೇ ಕೇಳಿದೆ.

ಗಂಗಾ ಫೋನನ್ನು ನನ್ನ ಕಿವಿಗೆ ಹಿಡಿದಳು. ಅತ್ತೆಯ ದನಿ ಬಹಳ ಶಾಂತವಾಗಿತ್ತು.

"ಅವಸರ ಮಾಡಬ್ಯಾಡ್ರಿ ಟೀಚರ್. ನನ್ನ ಬ್ಲೌಸ್ ಇನ್ನಾ ಹೊಲಿದಿಲ್ಲ."