ಕೆಮ್ಮಿನ ಕಾವಲು

ಸಂಶಯ ಎಂಬುದು ಕೆಲವರಿಗೆ ಅಪರೂಪಕ್ಕೊಮ್ಮೆ ಬಂದು ಹೋಗುವ ನೆಂಟ. ನನ್ನಲ್ಲಿ ಅದು ಬಾಡಿಗೆಯಿಲ್ಲದೆ ಖಾಯಂ ಆಗಿ ಉಳಿದುಕೊಂಡಿದೆ. ಹಾಲಿನವನು ನಕ್ಕು ಮಾತಾಡಿಸಿದರೆ ಇವತ್ತು ನೀರು ಸ್ವಲ್ಪ ಜಾಸ್ತಿಯಾಗಿರಬೇಕು ಅಂದುಕೊಳ್ಳುತ್ತೇನೆ. ನನ್ನ ಗಂಡ ಕೇಳದೆಯೇ ಪಾತ್ರೆ ತೊಳೆದಿಟ್ಟರೆ ಒಡೆದ ಲೋಟದ ಚೂರು ಎಲ್ಲಿ ಅಡಗಿಸಿದ್ದಾರೆಂದು ಮೂಲೆ ಮೂಲೆ ನೋಡುತ್ತೇನೆ. ಇಂಥವಳನ್ನು ಹಂದಿಜ್ವರದ ಕಾಲದಲ್ಲಿ ಶಾಲೆಯ ಗೇಟಿಗೆ ಕಾವಲು ನಿಲ್ಲಿಸಿದರೆ ಏನಾಗಬೇಕೋ ಅದೇ ಆಯಿತು.

ನಾನಿರುವುದು ಅಂಕೋಲೆ, ಕನ್ನಡ ಕಲಿಸುವುದು ಕಾರವಾರದ ಒಂದು ಹೈಸ್ಕೂಲಿನಲ್ಲಿ. ಆ ಮಳೆಗಾಲದಲ್ಲಿ ಟಿವಿ ಹಾಕಿದರೆ ಪುಣೆಯ ಆಸ್ಪತ್ರೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಜನ. ಕಾರವಾರದಲ್ಲಿ ಪುಣೆಗೋ ಮುಂಬೈಗೋ ಗೋವೆಗೋ ನಂಟಿಲ್ಲದ ಮನೆ ಹುಡುಕುವುದು ಕಷ್ಟ. ಹಾಗಾಗಿ ಯಾರ ಮನೆಗೆ ಯಾರು ಬಂದಿಳಿದರು ಎಂಬ ಲೆಕ್ಕಾಚಾರ ಪ್ರತಿ ಓಣಿಯಲ್ಲೂ ನಡೆದಿತ್ತು. ಮುಂಜಾಗ್ರತೆಗೆಂದು ನಮ್ಮ ಶಾಲೆಯನ್ನೂ ಒಂದು ವಾರ ಮುಚ್ಚಿದರು. "ನಮ್ ಓಣೀಲಿ ಒಂದು ಹಂದೀನೂ ಇಲ್ಲ, ಜ್ವರ ಎಲ್ಲಿಂದ ಬತ್ತದೆ?" ಎಂದು ನನ್ನ ಗಂಡ ವಾದಿಸಿದರು. ಆದರೂ ಅಂಗಡಿಯಿಂದ ಬಂದವರು ಕಾಲಿನ ಜೊತೆ ಚಿಲ್ಲರೆಯನ್ನೂ ತೊಳೆದೇ ಒಳಗೆ ಬರುತ್ತಿದ್ದರು.

ಶಾಲೆ ಮತ್ತೆ ತೆರೆಯುವ ಹಿಂದಿನ ದಿನ ಹೆಡ್ ಮಾಸ್ತರರು ಮೀಟಿಂಗ್ ಕರೆದರು. ಒಬ್ಬೊಬ್ಬರಿಗೆ ಒಂದೊಂದು ಬೆಂಚು, ಕಿಟಕಿಗಳೆಲ್ಲ ತೆರೆದು ಮಳೆಯ ಎರಚಲು ಮೈಮೇಲೆ. ಪ್ರಾರ್ಥನೆಗೆ ಗುಂಪು ಸೇರಿಸುವುದಿಲ್ಲ, ಕೈ ತೊಳೆಯದೆ ತರಗತಿಗೆ ಬಿಡುವುದಿಲ್ಲ, ಕೆಮ್ಮುವ ಮಕ್ಕಳನ್ನು ಗೇಟಿನಿಂದಲೇ ಮನೆಗೆ ಕಳಿಸುವುದು ಎಂದೆಲ್ಲ ತೀರ್ಮಾನವಾಯಿತು. "ಗೇಟಿನಲ್ಲಿ ಅಕ್ಕೋರೇ ನಿಲ್ಲಲಿ. ಅವರ ಕಣ್ಣು ತಪ್ಪಿಸಿ ಒಳಗೆ ಬರೂಕೆ ಸೊಳ್ಳೆಗೂ ಆಗೂದಿಲ್ಲ" ಎಂದು ಹೆಡ್ ಮಾಸ್ತರರು ನನ್ನತ್ತ ಕೈ ತೋರಿಸಿದರು. ನನಗೆ ಹೆಮ್ಮೆಯಾಯಿತು. ಮನೆಗೆ ಮರಳುವ ಬಸ್ಸು ಬಿಣಗಾ ದಾಟುವಷ್ಟರಲ್ಲಿ, ಕೆಮ್ಮುವವರ ಎದುರು ನಿಲ್ಲಲು ಬೇರೆ ಯಾರೂ ಒಪ್ಪಲಿಲ್ಲವೇನೋ ಎಂಬ ಸಂಶಯವೂ ಆಯಿತು.

ಮೊದಲ ದಿನ ಕರ್ಪೂರ ಕಟ್ಟಿದ ಕರ್ಚೀಫನ್ನು ಮೂಗಿಗೆ ಬಿಗಿದು ನಿಂತೆ. ಹತ್ತನೇ ತರಗತಿಯ ಹುಡುಗರು ಗೇಟಿನ ಹತ್ತಿರ ಬಂದದ್ದೇ ತಡ, ಒಬ್ಬರಾದ ಮೇಲೊಬ್ಬರು ಕೆಮ್ಮತೊಡಗಿದರು. ಅಂದು ಅವರಿಗೆ ಗಣಿತದ ಟೆಸ್ಟ್. "ಪಾಪ, ಕೆಮ್ಮಿದವರಿಗೆಲ್ಲ ಮೊದಲು ಕಿರಾತಕಡ್ಡಿ ಕಷಾಯ, ಆಮೇಲೆ ಮನೆ. ಕಷಾಯ ನಾನೇ ಮಾಡಿ ತಂದಿದ್ದೇನೆ" ಎಂದು ಥರ್ಮಾಸಿನ ಮುಚ್ಚಳ ತಿರುಗಿಸಿದೆ. ಆ ಕಡುಕಹಿಯನ್ನು ಒಂದು ಲೋಟ ಬಗ್ಗಿಸುವುದರೊಳಗೆ ಅಷ್ಟೂ ಜನರಿಗೆ ಗುಣವಾಯಿತು. ನಳದ ಕಟ್ಟೆಯ ಮೇಲಿಟ್ಟ ಹೊಸ ಸೋಪು ಮಾತ್ರ ಮಧ್ಯಾಹ್ನದೊಳಗೆ ಮಾಯ. ಎಂಟನೆಯವರ ಚೀಲ ತಡಕಿದೆ. ಜವಾನನ ಕೈ ಮೂಸಿದೆ; ಅವನು ನನ್ನ ಜೊತೆ ಮಾತು ಬಿಟ್ಟ. ಮರುದಿನ ಇನ್ನೊಂದು ಸೋಪನ್ನು ಕಾಗೆ ಕಚ್ಚಿಕೊಂಡು ಹಾರಿದ್ದನ್ನು ನಾನೇ ಕಣ್ಣಾರೆ ಕಂಡೆ. ಆ ಕಾಗೆಗೂ ಯಾರೋ ಕಲಿಸಿಕೊಟ್ಟಿದ್ದಾರೆಂಬ ಗುಮಾನಿ ನನ್ನಿಂದ ಇನ್ನೂ ಹೋಗಿಲ್ಲ.

ಮೂರನೆಯ ದಿನ ಬಸ್ಸಿನಲ್ಲಿ ನನಗೇ ಗಂಟಲಲ್ಲಿ ಕೆರೆತ ಶುರುವಾಯಿತು. ಜ್ವರವೂ ಅಲ್ಲ, ನೆಗಡಿಯೂ ಅಲ್ಲ, ಬೆಳಿಗ್ಗೆ ತಿಂದ ಅವಲಕ್ಕಿಯ ಒಂದು ಪುಡಿ. ಆದರೆ ಆ ದಿನಗಳಲ್ಲಿ ಬಸ್ಸಿನಲ್ಲಿ ಕೆಮ್ಮುವುದೆಂದರೆ ಹಾವು ಬಿಟ್ಟಂತೆ. ಕೆಮ್ಮನ್ನು ನುಂಗಿದೆ. ಅದು ಮತ್ತೆ ಮೇಲೆ ಬಂತು, ಮತ್ತೆ ನುಂಗಿದೆ. ಕಣ್ಣಲ್ಲಿ ನೀರು ಸುರಿಯತೊಡಗಿತು. ಪಕ್ಕದಲ್ಲಿದ್ದವರು ನಮ್ಮ ಓಣಿಯ ಗುಲಾಬಿಬಾಯಿ. ಕಾರವಾರದ ಕಚೇರಿಯೊಂದರಲ್ಲಿ ಟೈಪಿಸ್ಟ್. ಅವರಿಗೆ ಗೊತ್ತಾದ ಸುದ್ದಿ ನಡುದಾರಿಯ ಆಮದಳ್ಳಿಯಲ್ಲಿ ಬಸ್ಸು ಹತ್ತಿ ತಾನಾಗಿಯೇ ಅಂಕೋಲೆಯಲ್ಲಿ ಇಳಿಯುತ್ತದೆ.

"ಎಂತ ಆಯ್ತ್ರೀ?" ಎಂದರು.

"ಮನೆ ನೆನಪಾಯ್ತು" ಎಂದೆ.

"ಈಗಷ್ಟೇ ಬಿಟ್ಟು ಬಂದದ್ದಲ ಮನೆ?" ಎನ್ನುತ್ತ ಅವರು ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟು ಕಿಟಕಿಗೆ ಅಂಟಿಕೊಂಡರು.

ಅಂದೇ ಗೇಟಿನಲ್ಲಿ ಶ್ರದ್ಧಾ ಸಿಕ್ಕಳು. ದೇವಬಾಗದ ಹುಡುಗಿ, ಒಂಬತ್ತನೆಯ ತರಗತಿ. ಅವಳ ತಾಯಿ ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಶ್ರದ್ಧಾಳಿಗೆ ಬಾಯಿ ಮುಚ್ಚಿ ಗೊತ್ತಿಲ್ಲ. ಅಂಥವಳು ಅಂದು ನನ್ನ "ಹೇಗಿದ್ದೀಯೇ?" ಎಂಬ ಪ್ರಶ್ನೆಗೆ ಬರೀ ತಲೆ ಅಲ್ಲಾಡಿಸಿದಳು. ತುಟಿ ಬಿಗಿದಿತ್ತು. ಕಣ್ಣಂಚಿನಲ್ಲಿ ನೀರು. ಅರ್ಧ ಗಂಟೆಯ ಹಿಂದೆ ನಾನೇ ಹಾಗೆ ಕೂತು ಬಂದಿದ್ದೆನಲ್ಲ, ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಇಡೀ ಶಾಲೆ ಇಲ್ಲದ ಕೆಮ್ಮು ಕೆಮ್ಮುತ್ತಿದ್ದಾಗ ಇವಳೊಬ್ಬಳು ಇದ್ದ ಕೆಮ್ಮನ್ನು ನುಂಗುತ್ತಿದ್ದಳು. ಕೈ ಹಿಡಿದು ಸೈಕಲ್ ಸ್ಟ್ಯಾಂಡಿನ ಹಿಂದೆ ಕರೆದುಕೊಂಡು ಹೋದೆ. "ಬಾಯಿ ತೆಗೆ" ಎಂದೆ. ಒಳಗೆ ಲವಂಗ, ಶುಂಠಿ, ಬೆಲ್ಲದ ಒಂದು ಸಣ್ಣ ಅಂಗಡಿಯೇ ಇತ್ತು. ಬಾಯಿ ತೆಗೆದದ್ದೇ ತಡ, ಹಿಡಿದಿಟ್ಟ ಕೆಮ್ಮೆಲ್ಲ ಹೊರಗೆ ಬಂತು.

"ಮನೆಗೆ ಕಳಿಸ್ಬೇಡಿ ಅಕ್ಕೋರೆ, ನಿಮ್ ಕಾಲಿಗೆ ಬೀಳ್ತೆ" ಎಂದು ಅಳತೊಡಗಿದಳು. "ಬರೂ ಐತವಾರ ಅಕ್ಕನ ನಿಶ್ಚಯ ಅದೆ. ಗಂಡಿನವರು ಗೋವೆಯವರು. ಮೊದಲೇ ಹೆದರ್ಕಂಡಿದ್ರು. ನಮ್ ಮನೇಲಿ ಹಂದಿಜ್ವರ ಅಂದೇಳಿ ಗೊತ್ತಾದ್ರೆ ಅವ್ರು ಬರೂದೇ ಇಲ್ಲ. ಅಕ್ಕನಿಗೆ ಮೊದಲು ಬಂದ ಸಂಬಂಧ ಮುರಿದು ಇದು ಎರಡನೇದು."

ನನ್ನ ಕೆಲಸವೇನೋ ಸ್ಪಷ್ಟವಿತ್ತು: ಹೆಡ್ ಮಾಸ್ತರರಿಗೆ ಹೇಳುವುದು. ಆದರೆ ಅವರ ಧ್ವನಿ ಜೋರು. ಅವರು ಗುಟ್ಟು ಮಾತಾಡಿದರೂ ಎದುರಿನ ಝೆರಾಕ್ಸ್ ಅಂಗಡಿಗೆ ಕೇಳುತ್ತದೆ. ಹಾಗೆಂದು ಹುಡುಗಿಯನ್ನು ತರಗತಿಗೆ ಬಿಡುವುದೆಂತು? ನಿಜವಾಗಿಯೂ ಅದೇ ಜ್ವರವಾಗಿದ್ದರೆ? ಗೇಟಿಗೆ ಜವಾನನನ್ನು ನಿಲ್ಲಿಸಿ, ಅರ್ಧ ದಿನದ ರಜೆ ಹೇಳಿ, ಶ್ರದ್ಧಾಳ ಮುಖಕ್ಕೆ ನನ್ನ ಇನ್ನೊಂದು ಕರ್ಚೀಫು ಕಟ್ಟಿ ರಿಕ್ಷಾ ಹತ್ತಿಸಿದೆ. ದಾರಿಯಲ್ಲಿ ಮಾರ್ಕೆಟ್ಟಿನಿಂದ ಅವಳ ತಾಯಿಯನ್ನೂ ಹತ್ತಿಸಿಕೊಂಡೆ. ಅವಳು ಮೀನಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಓಡಿಬಂದಳು.

ಆಸ್ಪತ್ರೆಯಲ್ಲಿ ಜ್ವರದವರಿಗೇ ಬೇರೆ ಸಾಲು. ತಾಯಿ ಮಗಳು ಗೋಡೆಗೆ ಒರಗಿ ಕೂತರು, ಅವರ ಪರವಾಗಿ ನಾನು ಸಾಲಿನಲ್ಲಿ ನಿಂತೆ. ವೈದ್ಯರು ಶ್ರದ್ಧಾಳ ಗಂಟಲಿಗೆ ಬ್ಯಾಟರಿ ಬೆಳಕು ಹಾಯಿಸಿ, ಎದೆಯ ಸದ್ದು ಕೇಳಿ, ಹಿಂದೆ ಮುಂದೆ ವಿಚಾರಿಸಿ, "ಟಾನ್ಸಿಲ್ ಬಾತಿದೆ, ಅಷ್ಟೇ. ಮಾತ್ರೆ ನುಂಗಿ ನಾಲ್ಕು ದಿನ ಮನೇಲಿ ಮಲಗಲಿ" ಎಂದರು. ತಾಯಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಯಾರ್ ಕೂಡೂ ಹೇಳ್ಬೇಡಿ ಅಕ್ಕೋರೆ. ಟಾನ್ಸಿಲ್ ಅಂದ್ರೆ ಯಾರು ನಂಬ್ತಾರೆ? ಮುಚ್ಚಿಡ್ತಾರೆ ಅಂತಾರೆ." ಅದಂತೂ ನಿಜ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಹೊರಗೆ ಬರುವಾಗ ಬಾಗಿಲಲ್ಲಿ ಗುಲಾಬಿಬಾಯಿ! ಬಿಪಿ ಮಾತ್ರೆಗೆ ಬಂದಿದ್ದರಂತೆ. ತಾಯಿ ಮಗಳು ಆಗಲೇ ರಿಕ್ಷಾ ಹತ್ತಿದ್ದರು. ಜ್ವರದ ಕೋಣೆಯಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಬಂದ ನಾನೊಬ್ಬಳೇ ಅವರ ಕಣ್ಣಿಗೆ ಬಿದ್ದದ್ದು. "ಬೆಳಿಗ್ಗೇನೇ ಅಂದ್ಕಂಡೆ ನಾನು" ಎಂದಷ್ಟೇ ಹೇಳಿ ಹಿಂದೆ ಸರಿದರು.

ಸಂಜೆ ಅಂಕೋಲೆಯಲ್ಲಿ ಇಳಿಯುವ ಹೊತ್ತಿಗೆ ನನ್ನ ಜ್ವರದ ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಹಾಲಿನವನು ಪ್ಲಾಸ್ಟಿಕ್ ಬಾಟಲಿಯನ್ನು ಬೇಲಿಯ ಆಚೆಯಿಂದ ಎಸೆದ. ಪಕ್ಕದ ಮನೆಯವರು ಎರವಲು ಪಡೆದಿದ್ದ ಇಡ್ಲಿ ಪಾತ್ರೆಯನ್ನು ವಾಪಸು ಕೊಡಲು ಬಂದವರು ಗೇಟಿಗೇ ಸಿಕ್ಕಿಸಿ ಹೋದರು. ಎಷ್ಟೋ ತಿಂಗಳಿಂದ ಕೇಳಿ ಕೇಳಿ ಸೋತಿದ್ದ ಪಾತ್ರೆ ಅದು! ಮರುದಿನ ಶಾಲೆಯ ಗೇಟಿನಲ್ಲಿ ಹೆಡ್ ಮಾಸ್ತರರೇ ನಿಂತಿದ್ದರು, ಕೈ ಅಡ್ಡ ಚಾಚಿ.

"ಆಸ್ಪತ್ರೆಗೆ ಹೋಗಿದ್ರಂತೆ ಹೌದೆ?"

"ನನಗಲ್ಲ ಸರ್, ಒಬ್ಬ ವಿದ್ಯಾರ್ಥಿ..."

"ಯಾರು? ಯಾವ ಕ್ಲಾಸು?" ಅವರ ಧ್ವನಿ ಝೆರಾಕ್ಸ್ ಅಂಗಡಿಯ ತನಕ ಹೋಯಿತು. ಅಂಗಡಿಯವನು ಮೆಷಿನ್ ನಿಲ್ಲಿಸಿ ಕಿವಿಗೊಟ್ಟ.

ನನಗೆ ಭಾನುವಾರದ ನಿಶ್ಚಯ ನೆನಪಾಯಿತು. ಒಂದು ಹೆಸರು ಹೇಳಿದರೆ ನನ್ನ ಮಾನ ಉಳಿಯುತ್ತಿತ್ತು. "ಯಾರೂ ಇಲ್ಲ ಸರ್. ನನಗೇ ಗಂಟಲು ನೋವು" ಎಂದೆ. ನನ್ನ ಹಿಂದೆ ಸಾಲಾಗಿ ನಿಂತಿದ್ದ ಹತ್ತನೆಯ ಹುಡುಗರಲ್ಲೊಬ್ಬ ಬಹಳ ಮರ್ಯಾದೆಯಿಂದ ಕೇಳಿದ: "ಅಕ್ಕೋರೆ, ಕಷಾಯ ಕುಡಿದ್ರಾ?"

ಒಂದು ವಾರ ಮನೆಯಲ್ಲಿ ಕೂತೆ. ಗಂಡ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಒಂದು ಸಲ ಬಾಗಿಲು ತಟ್ಟಿ ಓಡುತ್ತಿದ್ದರು. ನಿಜ ಸಂಗತಿ ಅವರಿಗೆ ಹೇಳಿದ್ದೆ. "ನಂಬ್ತೆ, ಪೂರಾ ನಂಬ್ತೆ" ಎಂದು ಆಚೆಯ ಕೋಣೆಯಿಂದಲೇ ಕೂಗಿದ್ದರು.

ಸೋಮವಾರ ಸಂಜೆ ಶ್ರದ್ಧಾಳ ತಾಯಿ ದೇವಬಾಗದಿಂದ ಬಸ್ಸು ಬದಲಿಸಿ ಅಂಕೋಲೆಗೆ ಬಂದಳು. ನಮ್ಮ ಓಣಿಯ ಕಿಟಕಿಗಳೆಲ್ಲ ನೋಡುತ್ತಿದ್ದಂತೆ ನೇರ ಜಗುಲಿ ಹತ್ತಿ ನನ್ನ ಪಕ್ಕದಲ್ಲೇ ಕೂತಳು. ಆ ದಿನಗಳಲ್ಲಿ ಹಾಗೆ ಕೂತವಳು ಅವಳೊಬ್ಬಳೇ. ನಿಶ್ಚಯ ಚೆನ್ನಾಗಿ ಆಗಿತ್ತು. ಶ್ರದ್ಧಾ ಗುಣವಾಗಿ ಗಂಡಿನ ಕಡೆಯವರಿಗೆ ಸಾಕು ಸಾಕೆನ್ನುವಷ್ಟು ಮಾತಾಡಿದ್ದಳು. "ನೀವು ಬಾಯಿ ಬಿಟ್ಟಿದ್ರೆ ನಮ್ ಹುಡ್ಗಿ ಕತೆ ಮುಗಿತಿತ್ತು" ಎಂದು ಕಣ್ಣೊರೆಸಿಕೊಂಡು ಬುಂದಿ ಲಾಡಿನ ಡಬ್ಬಿ ನನ್ನ ಮುಂದೆ ಚಾಚಿದಳು. ನಾನೂ ಕೈ ಚಾಚಿದೆ. ಅಷ್ಟರಲ್ಲಿ ಅವಳು ಸಣ್ಣಗೆ ಒಂದು ಸಲ ಕೆಮ್ಮಿದಳು.

ಚಾಚಿದ ನನ್ನ ಕೈ ಅರ್ಧದಲ್ಲೇ ನಿಂತಿತು. "ಮೀನು ಕೂಗಿ ಕೂಗಿ ಗಂಟಲು ಹೀಗೇ ಅಕ್ಕೋರೆ" ಎಂದಳು. ನನಗೆ ನಾಚಿಕೆಯಾಗಿ ಡಬ್ಬಿ ತೆಗೆದುಕೊಂಡೆ. ಅವಳನ್ನು ಬಸ್ಸಿನ ತನಕ ಬಿಟ್ಟು ಬಂದೆ. ಬಂದ ಮೇಲೆ ಡಬ್ಬಿಯ ಮುಚ್ಚಳ ತೆಗೆದು, ಎಲ್ಲಕ್ಕಿಂತ ದೊಡ್ಡ ಲಾಡನ್ನು ಆರಿಸಿ, ಗಂಡನನ್ನು ಕರೆದು ಪ್ರೀತಿಯಿಂದ ಕೈಗಿತ್ತೆ.

ಅವರು ಲಾಡು ನೋಡಿದರು. ನನ್ನನ್ನು ನೋಡಿದರು.

"ಎಂದೂ ಇಲ್ಲದ್ದು, ಮೊದಲು ನಂಗೆ ಎಂತಕ್ಕೆ?" ಎಂದರು. ಅದನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಕೈಗಿಟ್ಟರು. "ಹ್ಞೂಂ, ಒಟ್ಟಿಗೇ ತಿನ್ವ."