ಷಡ್ಡಕನ ಚೆಕ್‌ಸಮ್ಮೂ ರಾಯರ ಕಣ್ಣೂ

"ಇವತ್ತು ಸಂಜೆಯೊಳಗೆ ಆ ಮಹಾನುಭಾವನ ಚೆಕ್‌ಸಮ್ಮನ್ನು ಈ ಮನೆಯಿಂದ ಗಡೀಪಾರು ಮಾಡದಿದ್ದರೆ ನನಗೆ ಬೇರೆ ಹೆಸರಿಡಿ!"

ಹೀಗೆಂದು ರಾಯರು ಶಪಥ ಮಾಡಿದ್ದು ಬಚ್ಚಲಿನ ಕನ್ನಡಿಯ ಮುಂದೆ, ಬ್ರಷ್ಷನ್ನು ಖಡ್ಗದಂತೆ ಎತ್ತಿ ಹಿಡಿದು. ಹೆಂಡತಿಯ ಮುಂದೆ ಹೇಳುವಷ್ಟು ಧೈರ್ಯ ಎಲ್ಲಿಂದ ಬರಬೇಕು!

ಆ ಮಹಾನುಭಾವ ಬೇರಾರೂ ಅಲ್ಲ, ಷಡ್ಡಕ. ಹೆಂಡತಿಯ ಅಕ್ಕನ ಗಂಡ. ರಾಯರ ಹೆಂಡತಿ ಮನೆಯಲ್ಲೇ ಕಸೂತಿ ಮಷೀನು ನಡೆಸುತ್ತಾಳೆ. ಅವಳು ಬಿಡಿಸಿದ ಚಿತ್ರಗಳೆಲ್ಲ ಹಜಾರದ ಮೂಲೆಯ ಡಿಸ್ಕಿನಲ್ಲಿ, ಕಂಪ್ಯೂಟರೂ ಮಷೀನೂ ಹಂಚಿಕೊಳ್ಳುವ ಒಂದೇ ಫೋಲ್ಡರಿನಲ್ಲಿ. ಉಸ್ತುವಾರಿ ರಾಯರದು. ಹೋದ ತಿಂಗಳು ಬಂದಿದ್ದ ಷಡ್ಡಕ, ಟೀ ಆರುವುದರೊಳಗೆ ಅದಕ್ಕೊಂದು ಚೆಕ್‌ಸಮ್ ತಂತ್ರಾಂಶ ಹಾಕಿ ಹೋಗಿದ್ದ.

"ಒಂದೊಂದು ಫೈಲಿಗೂ ಒಂದೊಂದು ನಂಬರು ಕಣಮ್ಮ, ಬೆರಳಚ್ಚಿನ ಹಾಗೆ. ಒಳಗೆ ಒಂದು ಚುಕ್ಕಿ ಕೆಟ್ಟರೂ ನಂಬರು ತಾಳೆ ಆಗಲ್ಲ, ಕೆಂಪಕ್ಷರ ಬರುತ್ತೆ."

ಅಷ್ಟೇ! ಅವತ್ತಿನಿಂದ ಮನೆಯಲ್ಲಿ ಅಖಂಡ ಭಾವನಾಮ ಸಂಕೀರ್ತನೆ. "ಭಾವಂಗೆ ಎಷ್ಟು ಜೋಪಾನ ರೀ! ಭಾವಂಗೆ ಎಷ್ಟು ತಾಳ್ಮೆ ರೀ!" ಹನ್ನೊಂದು ವರ್ಷ ಆ ಡಿಸ್ಕಿನ ಧೂಳು ಒರೆಸಿದ ರಾಯರಿಗೆ ಇಂಥ ಒಂದು ಮಾತು ಬಿದ್ದಿರಲಿಲ್ಲ. ಹೊಟ್ಟೆ ಧಗಧಗ ಉರಿಯಿತು.

ಷಡ್ಡಕನ ಮನೆಯದಕ್ಕಿಂತ ದುಪ್ಪಟ್ಟು ದೊಡ್ಡ ಡಿಸ್ಕು ತಂದರು. ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಸುರಿದರು. ನಡುವೆ ಕಾಲಿಗೆ ಸಿಕ್ಕಿ ವೈರು ಕಳಚಿತು, ಮತ್ತೆ ಸಿಕ್ಕಿಸಿದರು. ಕೊನೆಗೆ ಬಂತು ಕೆಂಪಕ್ಷರ: 'ಹಂಸ: ತಾಳೆಯಾಗುತ್ತಿಲ್ಲ.'

"ನನಗೇ ಬುದ್ಧಿ ಹೇಳ್ತೀಯಾ!" ಷಡ್ಡಕನೇ ಎದುರಿಗೆ ಕೂತಿದ್ದಾನೆಂಬಂತೆ ಪರದೆಗೆ ಗದರಿದರು. ಫೈಲಿನ ಗಾತ್ರ ನೋಡಿದರು. ಎರಡೂ ಕಡೆ ಒಂದೇ! ಗಾತ್ರ ಸರಿಯಿದ್ದ ಮೇಲೆ ಒಳಗಿದ್ದದ್ದು ಎಲ್ಲಿಗೆ ಓಡಿಹೋಗುತ್ತದೆ? ತಂತ್ರಾಂಶವನ್ನು ಕಿತ್ತೊಗೆದರು. ಅದೇ ಹುಮ್ಮಸ್ಸಿನಲ್ಲಿ ಹಳೆಯ ಡಿಸ್ಕನ್ನೂ ಪೂರ್ತಿ ಅಳಿಸಿದರು.

ಆ ಹಂಸವನ್ನು ಹೆಂಡತಿ ಬಿಡಿಸಿದ್ದು ಮೂರು ವಾರ ಕೂತು. ಹೋಟೆಲೊಂದಕ್ಕೆ ನಲವತ್ತು ಮೇಜುಬಟ್ಟೆ, ಅವಳ ಮೊದಲ ದೊಡ್ಡ ಕೆಲಸ. ಇನ್ನು ಎರಡೇ ದಿನ ಉಳಿದಿತ್ತು.

"ರೀ, ಅಕ್ಕ ಭಾವ ಬರ್ತಿದ್ದಾರೆ, ಕರ್ಕೊಂಡು ಬರ್ತೀನಿ. ಮಷೀನಿಗೆ ಬಟ್ಟೆ ಬದಲಿಸ್ತಾ ಇರಿ, ಹಂಸದ ಮೇಲೊಂದು ಕಣ್ಣಿರಲಿ."

"ಈ ಕಣ್ಣಿರುವಾಗ ಇನ್ನೇನು ಬೇಕು! ನೀನು ಹೋಗ್ಬಾರೇ."

ಮಷೀನು ಕುಂಯ್ ಎಂದಾಗಲೆಲ್ಲ ರಾಯರು ಬಟ್ಟೆ ತೆಗೆದು ಮಡಚಿಟ್ಟು ಇನ್ನೊಂದನ್ನು ಬಿಗಿದರು. ಕಣ್ಣು ಮಾತ್ರ ಬಾಗಿಲ ಕಡೆ, ಷಡ್ಡಕ ಬಂದೊಡನೆ ಎಸೆಯಬೇಕಾದ ಚುಚ್ಚುಮಾತುಗಳನ್ನು ಮಸೆಯುತ್ತಾ. ಒಂಬತ್ತು ಬಟ್ಟೆ ಮುಗಿಯುವಷ್ಟರಲ್ಲಿ ಮೂವರೂ ಬಂದರು. ಹೆಂಡತಿ ಮಡಚಿಟ್ಟಿದ್ದ ಒಂದನ್ನು ಬಿಚ್ಚಿ ಹರಡಿದಳು. ಹಂಸ ಎದೆಯವರೆಗೆ ಚೆನ್ನಾಗಿತ್ತು. ಅಲ್ಲಿಂದ ಕತ್ತು ನೆಟ್ಟಗೆ ಬಟ್ಟೆಯ ಅಂಚಿನವರೆಗೆ ಹೋಗಿ ನಿಂತಿತ್ತು.

"ರೀ! ಇದರ ತಲೆ ಎಲ್ಲಿ?"

"ಗಾತ್ರ ಸರಿಯಾಗೇ ಇತ್ತು ಕಣೇ..."

"ಹಳೇ ಡಿಸ್ಕಲ್ಲಿ ಇದೆ ತಾನೇ?"

"ಅದನ್ನೂ ಅಳಿಸಿಬಿಟ್ಟೆ ಕಣೇ" ಎಂದರು ರಾಯರು. ಹೆಂಡತಿ ಸ್ಟೂಲಿನ ಮೇಲೆ ಕುಸಿದು ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾಯರ ಹೊಟ್ಟೆಯುರಿ ಅಲ್ಲಿಗೇ ಜರ್ರನೆ ಇಳಿದುಹೋಯಿತು.

"ಅಳಬೇಡಮ್ಮ, ವಾರ ವಾರ ಒಂದು ಪ್ರತಿ ನಮ್ಮನೆಗೂ ಬರೋ ಹಾಗೆ ಮಾಡಿದ್ದೆ" ಎಂದ ಷಡ್ಡಕ. ಕೂತಲ್ಲೇ ಇಂಟರ್ನೆಟ್ಟಿನಲ್ಲಿ ಅದನ್ನು ತರಿಸಿದ. ನಂಬರು ತಾಳೆಯಾಯಿತು, ಹಂಸಕ್ಕೆ ತಲೆ ಬಂತು. ಕೆಟ್ಟ ಒಂಬತ್ತಕ್ಕೆ ಬಟ್ಟೆ ತರಲು ರಾಯರೇ ಅಂಗಡಿಗೆ ಓಡಿದರು.

ನಲವತ್ತೂ ಹೋಟೆಲು ಸೇರಿದ ದಿನ ಎಲ್ಲರೂ ಊಟಕ್ಕೆ ಕೂತರು. ರಾಯರ ತಟ್ಟೆಯ ಕೆಳಗೆ ಮಾತ್ರ ತಲೆಯಿಲ್ಲದ ಹಂಸ ಹಾಸಿತ್ತು.

"ಇದು ನನಗೊಬ್ಬನಿಗೇ ಯಾಕೆ?"

"ಭಾವನ ಹತ್ರ ನಂಬರ್ ನೋಡೋದು ಕಲಿತೆ ರೀ" ಎಂದಳು ಹೆಂಡತಿ, ಅನ್ನ ಬಡಿಸುತ್ತಾ. "ನಿಮ್ಮದೂ ಅದರದೂ ತಾಳೆ ಆಯ್ತು!"