ಒಡಪು ಹಾಕದ ಹೆಸರು

ಅನ್ನವ್ವ: ಹೆಸರು ಬ್ಯಾರೆ, ಮನಷ್ಯಾ ಬ್ಯಾರೆ ಅಂತ ಹೇಳಾಕ ಕಾಲೇಜು ಬೇಕೇನವಾ?

ಬೆಟಗೇರಿಯ ಆ ಮಗ್ಗದ ಮನೆಯಲ್ಲಿ ಬೆಳಗಿನಿಂದ ಇದೇ ಜಗ್ಗಾಟ. ಅಂಕಿತಾಳಿಗೆ ನಾಳೆ ಕಾಲೇಜೊಂದರಲ್ಲಿ ಪರೀಕ್ಷೆಯ ಪಾಠ. ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯನ್ನು ತಿಳಿಯುವಂತೆ ಹೇಳಿದರೆ ನೌಕರಿ, ಇಲ್ಲದಿದ್ದರೆ ಮತ್ತೆ ಮನೆಪಾಠ. ಅದಕ್ಕೇ ನೂಲು ಸುತ್ತುತ್ತ ಕೂತ ಅಜ್ಜಿ ಅನ್ನವ್ವನನ್ನೇ ವಿದ್ಯಾರ್ಥಿ ಮಾಡಿಕೊಂಡಿದ್ದಳು.

ಅಂಕಿತಾ: ಬೇಕು ಆಯಿ. ಬರೇ ಹೆಸರು ಬರದ್ರ ಕಂಪ್ಯೂಟರ್ ಆ ಹೆಸರಿನ್ಯಾಗ ಏನೈತೋ ಅದನ್ನ ತಂದು ಮುಂದ ಇಡ್ತೈತಿ. ಹೆಸರಷ್ಟ ಸಾಕಂದ್ರ ಮುಂದೊಂದು ಸಣ್ಣ ಗೀಟು ಹಾಕಬೇಕು.

ಅನ್ನವ್ವ: ಗೀಟು ನೋಡಿ ಹೆದರ್ತೈತೇನು?

ಅಂಕಿತಾ: ಇಲ್ಲ. ಯಾರನ್ನೂ ಕರದಿಲ್ಲ, ಬರೇ ಹೆಸರು ಹೇಳ್ಯಾರ ಅಂತ ತಿಳ್ಕೋತೈತಿ. ಈಗ ಅಜ್ಜನ ಹೆಸರು ಹೇಳು.

ಅನ್ನವ್ವ: ಗಂಡನ ಹೆಸರು ಹಿಡದು ಹೇಳ್ತಾರೇನ ಹುಚ್ಚಿ?

ಅಂಕಿತಾ: ಮದುವ್ಯಾಗ ಹೇಳಿದ್ದಿಲ್ಲೇನು?

ಅನ್ನವ್ವ: ಅದು ಒಡಪು ಹಾಕಿ, ಪದದಾಗ ಹೆಸರು ಸೇರಿಸಿ.

ಅಜ್ಜಿ ನೂಲು ಬಿಟ್ಟು, ಸೆರಗು ಸರಿಮಾಡಿಕೊಂಡು ರಾಗ ತೆಗೆದಳು.

ಅನ್ನವ್ವ: ಕೆಂಪು ಅಂಚಿಗೆ ಹಸರ ಒಡಲು ಚಂದ, ನಾರಾಯಣಪ್ಪನವರು ನಕ್ಕರ ಮನಿ ಚಂದ.

ಸೀರೆ ಮಾರಲು ಮುಂಡರಗಿ ಬಸ್ಸಿಗೆ ಹೊರಟು, ಒಳಗೆ ಟೋಪಿ ಹುಡುಕುತ್ತಿದ್ದ ಅಜ್ಜ ಓಗೊಡಲಿಲ್ಲ.

ಅಂಕಿತಾ: ನೋಡು, ಒಡಪ ಆ ಗೀಟು. ಹೆಸರು ಬಂತು, ಅಜ್ಜ ಬರಲಿಲ್ಲ.

ಅನ್ನವ್ವ: ಟೋಪಿ ಸಿಕ್ಕಿಲ್ಲ, ಅದಕ ಬಂದಿಲ್ಲ.

ಟೋಪಿ ಸಿಕ್ಕಿತು, ಅಜ್ಜ ಹೊರಟೂಬಿಟ್ಟ. ಆಮೇಲೆ ನೋಡಿದರೆ ಗೂಟದಲ್ಲಿ ಉಳಿದದ್ದು ಅಜ್ಜನ ಸೀರೆಯ ಚೀಲ. ನಾಳೆಯ ಪಾಠವೆಲ್ಲ ಇದ್ದ ಲ್ಯಾಪ್‌ಟಾಪ್ ಚೀಲ ಅವನ ಹೆಗಲೇರಿ ಹೋಗಿತ್ತು. ಇಬ್ಬರೂ ಓಣಿಗೆ ಓಡಿದರು.

ಅಂಕಿತಾ: ಅಜ್ಜಾ, ನನ್ನ ಚೀಲ.

ಕಟ್ಟೆಯ ಮೇಲಿನ ಅಜ್ಜಂದಿರೆಲ್ಲ ತಿರುಗಿದರು. ಬೇಕಾದ ಅಜ್ಜ ಮಾತ್ರ ನಡೆದೇ ಇದ್ದ.

ಅನ್ನವ್ವ: ಕೇಳಿದ್ರೇನ್ರೀ, ನಿಂದರ್ರಿ.

ಆ ಓಣಿಯ ಹೆಂಡಿರೆಲ್ಲ ಗಂಡನನ್ನು ಕರೆಯುವುದೇ ಹೀಗೆ. ಯಲ್ಲೇಶ ಸೈಕಲ್ ನಿಲ್ಲಿಸಿದ. ಪಕ್ಕದ ಮನೆಯ ಬೀರಲಿಂಗಪ್ಪ ಗಲ್ಲಕ್ಕೆ ಹಚ್ಚಿದ ಸಾಬೂನಿನೊಂದಿಗೇ ಹೊರಗೆ ಬಂದ. ಇನ್ಯಾರದೋ ಹೆಂಡತಿ ಇರಬೇಕೆಂದು ಅಜ್ಜ ನಡೆದೇ ಇದ್ದ.

ಅಂಕಿತಾ: ಕೇಳಿದ್ರೇನ್ರೀ ಅಂದ್ರ ನಮ್ಮ ಮನ್ಯಾಗ ಅಜ್ಜ, ಅವರ ಮನ್ಯಾಗ ಬೀರಲಿಂಗಪ್ಪ ಕಾಕಾ. ಹಿಂಗ ಒಂದ ಹೆಸರಿಗೆ ಮನಿಗೊಬ್ಬ ಇರೂದಕ್ಕ ನೇಮ್‌ಸ್ಪೇಸ್ ಅಂತಾರ ಆಯಿ. ಓಣ್ಯಾಗ ನಡೆಯೂದಿಲ್ಲ.

ಅನ್ನವ್ವ: ಅಲ್ಲಿ ಬಸ್ ಬಂದೈತಿ, ಇಲ್ಲಿ ನೀ ಪಾಠ ಹೇಳಾಕತ್ತಿ.

ಅಂಕಿತಾ: ಹೆಸರು ಹಿಡದು ಕರಿ. ನನ್ನ ನೌಕರಿ ಹೋಗ್ತೈತಿ.

ಅನ್ನವ್ವ: ನೀನ ಕರಿ.

ಅಂಕಿತಾ: ನನ್ನ ದನಿ ಮುಟ್ಟಂಗಿಲ್ಲ. ಮಗ್ಗದ ಸದ್ದಿನ್ಯಾಗ ಪಳಗಿದ ದನಿ ನಿಂದು.

ಅಜ್ಜಿ ಮೊಮ್ಮಗಳ ಮುಖ ನೋಡಿದಳು. ನಂತರ ಕಣ್ಣು ಮುಚ್ಚಿಕೊಂಡಳು.

ಅನ್ನವ್ವ: ನಾರಾಯಣಪ್ಪಾ.

ಬಸ್ಸಿನ ಮೆಟ್ಟಿಲ ಮೇಲಿಟ್ಟ ಕಾಲು ಕೆಳಗಿಳಿಯಿತು. ಕಟ್ಟೆಯ ಮೇಲಿನವರೆಲ್ಲ ಅನ್ನವ್ವನತ್ತ ತಿರುಗಿದರು. ಅಜ್ಜ ಬಂದು ಚೀಲವನ್ನು ಅಂಕಿತಾಳ ಕೈಗಿಟ್ಟಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಅವನ ಕಣ್ಣು ಮಾತ್ರ ಹೆಂಡತಿಯ ಮೇಲೇ ಇತ್ತು.

ನಾರಾಯಣಪ್ಪ: ಇನ್ನೊಮ್ಮೆ ಕರಿ.

ಅನ್ನವ್ವ: ಕರಿಯೂದು ಬರಲಿ ಅಂತ. ಬಂದೇಬಿಟ್ಟೀರಿ, ಮತ್ತ್ಯಾಕ ಕರೀಲಿ?